ಗೆರೆ ಎಳೆದ ನಟ್ಟು

ಡ್ರಾಯಿಂಗ್ ಮೇಷ್ಟ್ರ ಕಾಲುಗಳು ಗಾಡಿಯ ಕೆಳಗಿನಿಂದ ಹೊರಗೆ ಚಾಚಿಕೊಂಡಿವೆ ಅಂದರೆ ಅವತ್ತು ಭಾನುವಾರ ಅಂತ ಒಂದು ಕಾಲದಲ್ಲಿ ಬೀದಿಯವರು ತಿಳಿಯುತ್ತಿದ್ದರು. ನಿವೃತ್ತಿಯಾದ ಮೇಲೆ ವಾರವಿಡೀ ಆ ಕಾಲುಗಳು ಅಲ್ಲೇ ಕಾಣತೊಡಗಿ ಆ ಲೆಕ್ಕ ತಪ್ಪಿಹೋಯಿತು. ಗಾಡಿಯೋ, ನಾಲ್ಕು ಚಕ್ರಕ್ಕೂ ಎಳೆತವಿರುವ ಹಳೇ ಜೀಪು. ಮೇಷ್ಟ್ರ ಕೈಗೆ ಬರುವ ಹೊತ್ತಿಗೇ ಮೂವರು ಯಜಮಾನರನ್ನು ಕಂಡು ಬೇಸತ್ತಿತ್ತು. ಮನೆಯಲ್ಲಿ ಅದರ ಹೆಸರು ದೊಡ್ಡಪ್ಪ. ಬೆಳಿಗ್ಗೆ ಎಬ್ಬಿಸಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ಗೊಣಗುತ್ತದೆ, ಕೊನೆಗೆ ಹೇಳಿದ ಕೆಲಸ ಮಾಡುತ್ತದೆ ಅಂತ ಮಗಳು ಚಿಕ್ಕಂದಿನಲ್ಲಿ ಇಟ್ಟ ಹೆಸರು.

ದೊಡ್ಡಪ್ಪನನ್ನು ಮೇಷ್ಟ್ರು ಎಂದೂ ಗ್ಯಾರೇಜಿನ ಮೆಟ್ಟಿಲು ಹತ್ತಿಸಲಿಲ್ಲ. ಗ್ಯಾರೇಜಿಗೆ ಕೊಟ್ಟ ಗಾಡಿ, ಗಂಡನ ಮನೆಗೆ ಕೊಟ್ಟ ಹುಡುಗಿ, ಎರಡೂ ಒಂದೇ, ಒಳಗೆ ಏನು ನಡೀತಿದೆ ಅಂತ ಹೊರಗಿನವರಿಗೆ ತಿಳಿಯಲ್ಲ ಎನ್ನುವುದು ಅವರ ಸಿದ್ಧಾಂತ. ಇದನ್ನು ಅಳಿಯನ ಎದುರಿಗೇ ಹೇಳುತ್ತಿದ್ದರು. ಅಳಿಯ ಒಳ್ಳೆಯವನು, ಪ್ರತಿಸಲವೂ ಹೊಸದಾಗಿ ಕೇಳಿದವನ ಹಾಗೆ ನಗುತ್ತಿದ್ದ.

ಅವರ ಕೆಲಸಕ್ಕೆ ಒಂದು ಶಿಸ್ತಿತ್ತು. ನೆಲದ ಮೇಲೆ ಹಳೇ ಪರದೆ ಬಟ್ಟೆ ಹಾಸಬೇಕು, ಅದರ ಮೇಲೆ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಬೇಕು, ಪಕ್ಕದಲ್ಲಿ ಹೆಂಡತಿ ಕೂತಿರಬೇಕು. ಗಾಡಿಯಡಿಯಿಂದ ಕೈ ಬರುತ್ತಿತ್ತು, ಅವಳು ಆ ಕೈಗೆ ಬೇಕಾದ್ದನ್ನು ಇಡುತ್ತಿದ್ದಳು. ಕೇಳುವ ಮೊದಲೇ ಇಡುವಷ್ಟು ವರ್ಷ ಕೂತಿದ್ದಳು. ನಟ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ ಕೂರಿಸುವುದು, ಆಮೇಲೆ ಸ್ಪ್ಯಾನರು ಹಾಕಿ ಮೈಬಲವೆಲ್ಲ ಹಾಕಿ ಬಿಗಿ ಮಾಡುವುದು, ಬಿಗಿಯಾದ ನಟ್ಟಿನ ಮೇಲೆ ಬಿಳಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುವುದು. ಗೆರೆ ಇದ್ದರೆ ಆ ನಟ್ಟಿನ ಕೆಲಸ ಮುಗಿಯಿತು ಅಂತ ಅರ್ಥ. ಮೂವತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದ ಕೈ ಅದು, ಗಾಡಿಯಡಿಯ ಕತ್ತಲಲ್ಲೂ ಸೊಟ್ಟಗಾಗುತ್ತಿರಲಿಲ್ಲ.

ಹಿಂದಿನ ವರ್ಷ ಒಂದು ದಿನ ಗ್ರೀಸ್ ಡಬ್ಬಿಯ ಮುಚ್ಚಳ ಉರುಳಿಕೊಂಡು ದೊಡ್ಡಪ್ಪನ ಕೆಳಗೆ ಹೋಯಿತು. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಅದನ್ನು ತೆಗೆಯಲು ತೆವಳಿದ ಹೆಂಡತಿಯ ಬೆರಳು ಸುಮ್ಮನೆ ಒಂದು ನಟ್ಟಿಗೆ ತಾಗಿತು. ನಟ್ಟು ತಿರುಗಿತು. ಮೇಲೆ ಗೆರೆ ಇತ್ತು, ನೇರವಾಗಿ, ಮುದ್ದಾಗಿ. ಪಕ್ಕದ್ದನ್ನು ಮುಟ್ಟಿದಳು. ಅದೂ ತಿರುಗಿತು. ಹೊರಗೆ ಬಂದು ಸ್ಪ್ಯಾನರು ತಗೊಂಡು ಮತ್ತೆ ಒಳಗೆ ಹೋದಳು, ಎರಡು ಕೈಯಲ್ಲೂ ಎಳೆದು ಬಿಗಿ ಮಾಡಿದಳು, ಬಿಗಿ ಮಾಡುವಾಗ ಸರಿದ ಗೆರೆಯನ್ನು ಒರೆಸಿ ತಾನೇ ಹೊಸದು ಎಳೆದಳು. ಮೇಷ್ಟ್ರು ತಲೆ ಒರೆಸಿಕೊಂಡು ಬಂದಾಗ ಅವಳು ಕಾಫಿ ಕಾಯಿಸುತ್ತಿದ್ದಳು.

ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹೊರಗೆ ನಿಂತು ಕೇಳುವವರಿಗೆ ಏನು, ಸುಲಭ. ಮೇಷ್ಟ್ರ ಅಣ್ಣ ಮರೆವು ಹತ್ತಿ ಸತ್ತವರು. ಕೊನೆಕೊನೆಗೆ ತಮ್ಮ ಮನೆ ಯಾವುದೆಂದು ತಿಳಿಯದೆ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದರು, ಕೋಣೆಗೆ ಹೊರಗಿನಿಂದ ಚಿಲಕ ಹಾಕಬೇಕಾಗಿತ್ತು. ಅದನ್ನು ನೋಡಿ ಬಂದ ದಿನ ಮೇಷ್ಟ್ರು ಊಟ ಮಾಡಲಿಲ್ಲ. ಆಮೇಲೊಮ್ಮೆ ಅವರು ಗ್ಯಾಸ್ ಒಲೆ ಆರಿಸುವುದನ್ನು ಮರೆತಾಗ ಹೆಂಡತಿ ಮಾತಿಗೆ ಅಂದುಬಿಟ್ಟಳು, ಇತ್ತೀಚೆಗೆ ನಿಮಗೆ ಮರೆವು ಜಾಸ್ತಿಯಾಯ್ತು ಅಂತ. ಅವರು ಬೈಯಲಿಲ್ಲ. ಗೋಡೆ ಕಡೆ ತಿರುಗಿ ಕೂತರು, ಸಂಜೆಯವರೆಗೂ ಹಾಗೇ ಕೂತಿದ್ದರು. ಆ ಬೆನ್ನನ್ನು ನೋಡಲಾರದೆ ಅವಳು ಅವತ್ತೇ ತನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಹಾಗಾಗಿ ಅದೊಂದು ರೂಢಿಯಾಯಿತು. ಮೇಷ್ಟ್ರು ಕೆಲಸ ಮುಗಿಸಿ ಸ್ನಾನಕ್ಕೆ ಹೋದರೆ ಇವಳು ಗಾಡಿಯಡಿಗೆ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ನಿಲ್ಲುವುದರೊಳಗೆ ಎಲ್ಲ ಮುಗಿದಿರಬೇಕು. ಕೆಲವು ಸಲ ಎಲ್ಲವೂ ಬಿಗಿಯಾಗಿರುತ್ತಿದ್ದವು, ಅಂಥ ದಿನ ಅವಳಿಗೆ ಹಬ್ಬ. ಕೆಲವು ಸಲ ಒಂದೂ ಬಿಗಿಯಾಗಿರುತ್ತಿರಲಿಲ್ಲ. ಮೇಷ್ಟ್ರ ಕೈ ಗೆರೆಯನ್ನು ಮರೆಯಲಿಲ್ಲ, ಗೆರೆಯ ಹಿಂದಿನ ಕೆಲಸವನ್ನು ಮರೆಯತೊಡಗಿತ್ತು. ಇಷ್ಟರ ನಡುವೆಯೂ ಮೇಷ್ಟ್ರು ಬೀದಿಯವರ ಮುಂದೆ ಬೀಗುತ್ತಿದ್ದರು: ನಮ್ಮ ದೊಡ್ಡಪ್ಪನ ಒಂದು ನಟ್ಟು ಅಲ್ಲಾಡಿದ್ದು ತೋರಿಸಿ ನೋಡೋಣ. ಹೆಂಡತಿ ತಲೆ ತಗ್ಗಿಸಿ ನಗುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಹೊಗಳಿಕೆಯಲ್ಲಿ ತನಗೂ ಒಂದು ಪಾಲಿದೆ ಎಂದು ಅವಳಿಗೆ ಒಳಗೊಳಗೇ ಸಂತೋಷವೂ ಆಗುತ್ತಿತ್ತು.

ಈ ಕಳ್ಳಾಟ ದೊಡ್ಡಪ್ಪನ ಜೊತೆಗೇ ಸವೆದು ಮುಗಿಯುತ್ತಿತ್ತೋ ಏನೋ. ಆದರೆ ಅಳಿಯ ಒಂದು ಗಾಡಿ ಕೊಂಡ.

ಅವನದು ಬೆಟ್ಟದ ಮೇಲಿನ ಫೋನ್ ಟವರುಗಳನ್ನು ನೋಡಿಕೊಳ್ಳುವ ಕೆಲಸ, ಮನೆಯೂ ಬೆಟ್ಟದ ಆಚೆ ಮಗ್ಗುಲಲ್ಲಿ. ಕಲ್ಲುದಾರಿ ಹತ್ತಲು ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು ಅಂತ ಎಲ್ಲಿಂದಲೋ ಹಳೆಯದೊಂದನ್ನು ಹಿಡಿದು ತಂದಿದ್ದ. ಗೇರು ಹಾಕುವಾಗೆಲ್ಲ ಅದರ ಹೊಟ್ಟೆಯಡಿ ಕಟ್ ಅಂತ ಒಂದು ಸದ್ದು. ಮೇಷ್ಟ್ರು ಫೋನಿನಲ್ಲೇ ಆ ಸದ್ದು ಕೇಳಿ ಕಾಯಿಲೆ ಹೇಳಿದರು: ಹಿಂದಿನ ಶಾಫ್ಟಿನ ಕ್ರಾಸ್ ಸವೆದಿದೆ. ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಉಕ್ಕಿನ ಕೊಳವೆ ಶಾಫ್ಟು. ಅದರ ಎರಡು ತುದಿಯಲ್ಲೂ ಗೆಣ್ಣಿನಂತೆ ಇರುವ ನಾಲ್ಕು ಕೈಯ ಕೀಲು ಕ್ರಾಸು. ಬಿಡಿಭಾಗ ತಗೊಂಡು ಬಾ, ಉಳಿದದ್ದು ನನಗೆ ಬಿಡು ಎಂದರು.

ಹೆಂಡತಿ ಕೈಯ ಕೆಲಸ ಬಿಟ್ಟು ಎದ್ದು ಬಂದಳು. ಈ ಸಲ ಗ್ಯಾರೇಜಿಗೆ ಕೊಡಲಿ ಬಿಡ್ರೀ, ನಿಮಗೆ ಬೆನ್ನುನೋವು ಎಂದಳು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ತೋರಿಸಿದರು. ಗುಟ್ಟಾಗಿ ಅಳಿಯನಿಗೂ ಹೇಳಿ ನೋಡಿದಳು. ಅವನು ನಕ್ಕುಬಿಟ್ಟ. ಮಾವನ ಕೈಗುಣ ಗೊತ್ತಿಲ್ವಾ ಅತ್ತೆ, ಅವರು ಮುಟ್ಟಿದ ಗಾಡಿ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ದಾರಿಯಲ್ಲಿ ನಿಂತಿದೆಯಾ ಅಂದ. ತಾನೇ ಗುಟ್ಟಾಗಿ ಕಟ್ಟಿ ನಿಲ್ಲಿಸಿದ ನಂಬಿಕೆ ಈಗ ತನ್ನ ಮುಂದೆಯೇ ಗೋಡೆಯ ಹಾಗೆ ನಿಂತಿದೆ ಅಂತ ಅವಳಿಗೆ ಅರ್ಥವಾಯಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು.

ಅವರು ಬಂದರು. ಅಳಿಯ, ಮಗಳು, ಮೊಮ್ಮಗಳು. ಗಾಡಿ ಅಂಗಳದ ಸಿಮೆಂಟಿನ ಮೇಲೆ ನಿಂತಿತು. ಶಾಫ್ಟು ಬಿಚ್ಚಿದ ಮೇಲೆ ಗೇರಿನಲ್ಲಿಟ್ಟರೂ ಗಾಡಿ ಉರುಳುತ್ತದೆ, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಕಡಿದುಹೋಗಿರುತ್ತದೆ ಅಂತ ಅಳಿಯನಿಗೆ ಪಾಠ ಹೇಳುತ್ತ ಮೇಷ್ಟ್ರು ಚಕ್ರಗಳ ಹಿಂದೆ ಮುಂದೆ ಮರದ ತುಂಡು ಕೊಟ್ಟರು. ಅವರು ಅವತ್ತು ಎಷ್ಟು ಚೆನ್ನಾಗಿ ಕೆಲಸ ಮಾಡಿದರೆಂದರೆ ಹೆಂಡತಿ ಒಂದು ಗಳಿಗೆ ತನ್ನ ಭಯವೇ ಸುಳ್ಳೇನೋ ಅಂದುಕೊಂಡಳು. ಬಿಚ್ಚುವ ಮುನ್ನ ಎರಡು ಭಾಗಕ್ಕೂ ಗುರುತು ಹಾಕಿದರು, ಕೂರಿಸುವಾಗ ದಿಕ್ಕು ತಪ್ಪಬಾರದಲ್ಲ. ಕಬ್ಬಿಣ ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ಹಳೇ ಕ್ರಾಸನ್ನು ಹದವಾಗಿ ಒತ್ತಿ ಹೊರಗೆ ಹಾಕಿದರು. ಹೊಸ ಕ್ರಾಸಿನ ನಾಲ್ಕು ತುದಿಯ ಬಟ್ಟಲುಗಳೊಳಗೆ ಸೂಜಿಯಂಥ ಉರುಳೆಗಳು ಒಂದೂ ಬೀಳದಂತೆ ಗ್ರೀಸಿನಲ್ಲಿ ನಿಲ್ಲಿಸಿ ಕೂರಿಸಿದರು. ಈಗ ತಿರುಗಿಸು ನೋಡು ಎಂದು ಮೊಮ್ಮಗಳ ಕೈಗೆ ಕೊಟ್ಟರು. ಕ್ರಾಸು ಬೆಣ್ಣೆಯ ಹಾಗೆ ತಿರುಗಿತು. ಮಗಳು, ನಮ್ಮಪ್ಪ ಅಂದರೆ ಸುಮ್ಮನೇನಾ ಎಂದಳು.

ಶಾಫ್ಟು ಮೇಲೆ ಹೋಯಿತು. ನಾಲ್ಕು ನಾಲ್ಕು ನಟ್ಟಿನಿಂದ ಹಿಂದಿನ ತುದಿ ಹಿಂಬದಿಯ ಚಕ್ರಗಳ ಆಕ್ಸಲಿಗೆ, ಮುಂದಿನ ತುದಿ ಗೇರ್‌ಬಾಕ್ಸಿಗೆ. ಹಿಂದಿನ ತುದಿಗೆ ಸ್ಪ್ಯಾನರು ಕೇಳಿದ ಕೈ ಹೊರಗೆ ಬಂತು, ಹೆಂಡತಿ ಕೊಟ್ಟಳು. ಅದು ಆದ ಮೇಲೆ ಮುಂದಕ್ಕೆ ಸರಿದರು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು ಅಂತ ಮಗಳು ಕರೆದಳು, ಹೆಂಡತಿ ಎದ್ದು ಹೋದಳು. ಮರಳಿ ಬರುವಾಗ ಮೇಷ್ಟ್ರು ಹೊರಗೆ ಕೂತು ಬೆರಳಿನ ಸೀಮೆಸುಣ್ಣ ಊದಿಕೊಳ್ಳುತ್ತಿದ್ದರು. ಸ್ಪ್ಯಾನರು ಪರದೆ ಬಟ್ಟೆಯ ಮೇಲೆ ತನ್ನ ಜಾಗದಲ್ಲೇ ಮಲಗಿತ್ತು. ಬಿಗಿ ಮಾಡಿ ತಂದಿಟ್ಟಿದ್ದೋ, ಮುಟ್ಟೇ ಇಲ್ಲವೋ, ನೋಡಿ ಹೇಳುವ ಹಾಗಿರಲಿಲ್ಲ.

ಮೇಷ್ಟ್ರು ಸ್ನಾನಕ್ಕೆ ಹೋದರು. ಅಳಿಯ ಕಾಫಿ ಕುಡಿಯಲು ಒಳಗೆ ಹೋದ. ಅವಳು ಗಾಡಿಯಡಿ ನುಗ್ಗಿದಳು. ಮೊದಲು ಹಿಂದಿನ ತುದಿ: ನಾಲ್ಕೂ ನಟ್ಟು ಕಲ್ಲಿನ ಹಾಗಿದ್ದವು. ದೇವರೇ ಎಂದುಕೊಂಡು ಮುಂದಿನ ತುದಿಯ ಕಡೆ ತೆವಳುತ್ತಿದ್ದಾಗ ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ಕನ್ನಡಕ ಇಲ್ಲೇ ಬಿಟ್ಟೆನೇನೋ ಎಂದು ಮೇಷ್ಟ್ರು ವಾಪಸ್ ಬಂದಿದ್ದರು. ಅವರು ಬಗ್ಗಿ ನೋಡಿದರು.

"ಏನೇ ಮಾಡ್ತಿದೀಯ ಅಲ್ಲಿ?"

"ಓಲೆ ಬಿತ್ತು."

"ಸಿಕ್ತಾ?"

"ಸಿಕ್ತು."

ಓಲೆ ಎರಡೂ ಕಿವಿಯಲ್ಲೇ ಇದ್ದವು, ಕೈಯಲ್ಲಿ ಸ್ಪ್ಯಾನರು ಇತ್ತು. ಅವಳು ಹೊರಗೆ ಬಂದಳು. ಮೇಷ್ಟ್ರು ಅವಳ ಕೈಯಿಂದ ಸ್ಪ್ಯಾನರು ತಗೊಂಡು, ಒರೆಸಿ, ಸಾಲಿನಲ್ಲಿ ಇಟ್ಟರು, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಸ್ನಾನಕ್ಕೆ ಮತ್ತೆ ಹೋಗಲಿಲ್ಲ.

ಅಷ್ಟರಲ್ಲಿ ಅಳಿಯ ಹೊರಟು ನಿಂತ. ಬೆಟ್ಟದ ದಾರಿ, ಬೆಳಕಿರುವಾಗಲೇ ದಾಟಬೇಕು. ಹೊರಡುವ ಮುನ್ನ ಬಗ್ಗಿ ಗಾಡಿಯಡಿ ಒಮ್ಮೆ ಕಣ್ಣಾಡಿಸಿ, ಎಂಥಾ ಗೆರೆ ಮಾವ, ಪ್ರಿಂಟ್ ಹಾಕಿದ ಹಾಗಿದೆ ಎಂದ. ಮಗಳು ಹತ್ತಿದಳು, ಮೊಮ್ಮಗಳು ಕಿಟಕಿಯಿಂದ ಕೈ ಬೀಸಿದಳು. ಹೆಂಡತಿ ಗಾಡಿಯ ಕಡೆ ಒಂದು ಹೆಜ್ಜೆ ಇಟ್ಟಳು. ತಡೀರಿ, ಒಂದು ನಿಮಿಷ ಅಂದಿದ್ದರೆ ಸಾಕಿತ್ತು. ಗಂಡನ ಮುಖ ನೋಡಿದಳು. ಆ ಮುಖ ಆಗಲೇ ಗೋಡೆಯ ಕಡೆ ತಿರುಗುವ ಹಾಗೆ ಕಂಡಿತು. ಹುಷಾರು, ನಿಧಾನವಾಗಿ ಹೋಗಿ ಅಂದಳು, ಅಷ್ಟೇ. ಗಾಡಿ ತಿರುವಿನಲ್ಲಿ ಮರೆಯಾಯಿತು, ಕಟ್ ಅನ್ನುವ ಸದ್ದು ಈಗ ಇರಲಿಲ್ಲ.

ಅವಳು ಮೆಟ್ಟಿಲ ಮೇಲೆ ಕೂತಳು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಎಷ್ಟು ಹೊತ್ತು ಕೂರಲಾದೀತು? ಮುಂದಿನ ತುದಿ ಕಳಚಿ ಬಿದ್ದರೆ ಹಿಂದಿನದಕ್ಕಿಂತ ಕೆಟ್ಟದ್ದು ಅಂತ ಮೇಷ್ಟ್ರೇ ಎಷ್ಟೋ ಸಲ ಹೇಳಿದ್ದು ನೆನಪಾಯಿತು. ಓಡುವ ಗಾಡಿ ತನ್ನದೇ ಕೋಲನ್ನು ನೆಲಕ್ಕೆ ಊರಿಕೊಂಡು ಮಗುಚುತ್ತದೆ. ಅವಳ ಕಣ್ಣ ಮುಂದೆ ಕಿಟಕಿಯಲ್ಲಿ ಬೀಸುತ್ತಿದ್ದ ಆ ಪುಟ್ಟ ಕೈ ಬಂತು. ಎದ್ದು ಗಂಡನ ಎದುರಿಗೆ ಹೋಗಿ ನಿಂತಳು.

"ರೀ, ಗೇರ್‌ಬಾಕ್ಸ್ ಕಡೆ ನಾನು ನೋಡಿಲ್ಲ."

"ನೀನ್ಯಾಕೆ ನೋಡಬೇಕು?"

ಹೇಳಿದಳು. ಗ್ರೀಸ್ ಡಬ್ಬಿಯ ಮುಚ್ಚಳದಿಂದ ಹಿಡಿದು ಎಲ್ಲವನ್ನೂ ಹೇಳಿದಳು, ನಿಂತ ಜಾಗದಲ್ಲೇ, ಒಂದೇ ಉಸಿರಿನಲ್ಲಿ. ಮೇಷ್ಟ್ರು ಮೊದಲು ಸುಳ್ಳು ಎಂದರು. ಆಮೇಲೆ, ನನ್ನ ಕೈ ಮೇಲೆ ನಿನಗೆ ಹೊಟ್ಟೆಕಿಚ್ಚು ಎಂದರು. ಅದಕ್ಕೆ ಅವಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಂದೇ ಮಾತು ಕೇಳಿದಳು, ಮುಂದಿನ ತುದಿಗೆ ಸ್ಪ್ಯಾನರು ಹಾಕಿದ್ದು ನೆನಪಿದೆಯಾ ಅಂತ. ಅವರು ಕಣ್ಣು ಮುಚ್ಚಿದರು. ಬಲಗೈ ಗಾಳಿಯಲ್ಲಿ ತಾನೇ ಎದ್ದಿತು, ಏನನ್ನೋ ಹುಡುಕುವ ಹಾಗೆ ಬೆರಳುಗಳು ಆಡಿದವು.

"ಗೆರೆ ಎಳೆದದ್ದು ನೆನಪಿದೆ," ಎಂದರು.

"ಸ್ಪ್ಯಾನರು?"

ಕೈ ಕೆಳಗಿಳಿಯಿತು. ಫೋನ್ ಕೊಡು ಎಂದರು.

ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಮಗಳು ಎತ್ತಿದಳು, ಏರುದಾರಿ ಮುಗಿದು ಈಗ ಇಳಿಜಾರು ಶುರುವಾಗುತ್ತೆ ಅಪ್ಪಾ ಎಂದಳು. ನಿಲ್ಲಿಸು ಅಂತ ಹೇಳಮ್ಮ ನಿನ್ನ ಗಂಡನಿಗೆ, ಸಣ್ಣ ವಿಷಯ, ಮುಂದಿನ ನಟ್ಟು ಒಂದು ಸಲ ನೋಡಲಿ ಎಂದರು ಮೇಷ್ಟ್ರು, ದನಿಯಲ್ಲಿ ಒಂದಿಷ್ಟು ನಗು ಬೆರೆಸಿಕೊಂಡು. ಗಾಡಿ ನಿಂತ ಸದ್ದು, ಬಾಗಿಲು ತೆರೆದ ಸದ್ದು. ಸ್ವಲ್ಪ ಹೊತ್ತಿಗೇ ಅಳಿಯನ ದನಿ ಬಂತು: ಎಲ್ಲ ಸರಿಯಾಗಿದೆ ಮಾವ, ಗೆರೆ ಒಂಚೂರೂ ಅಳಿಸಿಲ್ಲ, ನೀವು ಸುಮ್ಮನೆ ಯೋಚನೆ ಮಾಡ್ತೀರಿ.

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಅವಳು ತಲೆ ಅಲ್ಲಾಡಿಸಿದಳು. ಅಳಿಯ ಗಾಡಿಯಡಿಗೆ ಹೋಗಿಲ್ಲ, ಬಗ್ಗಿ ನೋಡಿದ್ದಾನೆ ಅಷ್ಟೇ. ಹಿರಿಯರ ಕೆಲಸಕ್ಕೆ ಸ್ಪ್ಯಾನರು ಹಾಕಿ ಪರೀಕ್ಷೆ ಮಾಡುವುದು ಅವನಿಗೆ ಮರ್ಯಾದೆಗೇಡು. ಅವನೂ ಈ ಮನೆಯವನೇ ಆಗಿಬಿಟ್ಟಿದ್ದ. ಮೇಷ್ಟ್ರ ಮುಖ ಕಾಯುವುದನ್ನು ಅವನಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಫೋನಿಗೆ ಕೈ ಚಾಚಿದಳು. ಮೇಷ್ಟ್ರು ಕೊಡಲಿಲ್ಲ.

"ನೋಡಪ್ಪಾ," ಎಂದರು. ದನಿಯಲ್ಲಿ ಈಗ ನಗು ಇರಲಿಲ್ಲ. "ಗೆರೆ ನಂಬಬೇಡ. ನನಗೆ ಮರೆವು ಹತ್ತಿದೆ. ಬಿಗಿ ಮಾಡದೇನೇ ಗೆರೆ ಎಳೀತಿದೀನಿ, ಬಹಳ ದಿನದಿಂದ. ನಿಮ್ಮತ್ತೆ ನನ್ನ ಹಿಂದೆ ಹಿಂದೆ ಬಂದು ಬಿಗಿ ಮಾಡ್ತಿದ್ದಳು. ಇವತ್ತು ಮಾಡೋಕೆ ನಾನು ಬಿಡಲಿಲ್ಲ. ಮಗೂನ, ನಿನ್ನ ಹೆಂಡತೀನ ಇಳಿಸಿ ದೂರ ನಿಲ್ಲಿಸು. ಚಕ್ರಕ್ಕೆ ಕಲ್ಲು ಕೊಡು. ಸ್ಪ್ಯಾನರು ತಗೊಂಡು ಗಾಡಿಯಡಿಗೆ ಹೋಗು."

ಮಗಳು ಕೇಳಿಸಿಕೊಂಡಿರಬೇಕು, ಅಪ್ಪಾ ಎಂದಳು. ಮಗುವನ್ನು ಕರೆದುಕೊಂಡು ಇಳಿದ ಸದ್ದಾಯಿತು. ಕಲ್ಲು ಉರುಳಿಸುವ ಸದ್ದು, ಲೋಹಕ್ಕೆ ಲೋಹ ತಾಗುವ ಸದ್ದು. ಇಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಫೋನಿಗೆ ಕಿವಿ ಕೊಟ್ಟು, ತಲೆಗೆ ತಲೆ ತಾಗಿಸಿಕೊಂಡು ನಿಂತಿದ್ದರು. ಮದುವೆಯಾದ ಹೊಸತರಲ್ಲೂ ಅವರು ಹಾಗೆ ನಿಂತವರಲ್ಲ.

"ಮಾವ," ಎಂದ ಅಳಿಯ ಕೊನೆಗೆ. "ಮೂರು ನಟ್ಟು ಕೈಯಲ್ಲೇ ತಿರುಗ್ತಿವೆ. ಒಂದು ಬೋಲ್ಟಿಗೆ ನಟ್ಟೇ ಇಲ್ಲ. ಎಲ್ಲೋ ಬಿದ್ದುಹೋಗಿದೆ."

ಅಲ್ಲಿಂದ ಗಾಡಿ ಒಂದು ಅಡಿ ಮುಂದಕ್ಕೂ ಹೋಗಬಾರದು, ಇರುವುದನ್ನು ಬಿಗಿ ಮಾಡಿ ಇಳಿಸುತ್ತೇನೆ ಅಂತ ಧೈರ್ಯ ಮಾಡಬೇಡ ಎಂದರು ಮೇಷ್ಟ್ರು. ಅಳಿಯ, ನೀವೇ ದೊಡ್ಡಪ್ಪನನ್ನ ತಗೊಂಡು ಬರ್ತೀರಾ ಮಾವ, ನಟ್ಟು ಇದ್ದರೆ ತನ್ನಿ ಎಂದ, ಪಾಪ, ಅಷ್ಟಾದ ಮೇಲೂ. ಮೇಷ್ಟ್ರು ಇಲ್ಲ ಎಂದರು. ಗ್ಯಾರೇಜಿನವರನ್ನು ಕರೆಸು, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡು, ಹಿಂದಿನದನ್ನೂ ಇನ್ನೊಮ್ಮೆ ನೋಡಿಸು ಎಂದರು. ಗ್ಯಾರೇಜು ಅನ್ನುವ ಮಾತು ಅವರ ಬಾಯಲ್ಲಿ ಬೈಗುಳವಾಗದೆ ಬಂದದ್ದು ಅದೇ ಮೊದಲು.

ಗ್ಯಾರೇಜಿನವರು ಬಂದು ಎಲ್ಲವನ್ನೂ ಸರಿಮಾಡಿದರು, ಹೊರಟೆವು ಅಂತ ಮಗಳ ಫೋನು ಬರುವವರೆಗೂ ಇಬ್ಬರೂ ಅಂಗಳದಲ್ಲೇ ಕೂತಿದ್ದರು. ಮನೆ ಮುಟ್ಟಿದ ಮೇಲೆ ಮತ್ತೆ ಮಾಡುತ್ತೇನೆ ಎಂದಳು. ನಾಳೆ ಬಂದು ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತ ಅಮ್ಮನಿಗೆ ಪಿಸುಗುಟ್ಟಿದಳು. ಪಿಸುಗುಟ್ಟಬೇಡ, ಅವರಿಗೇ ಹೇಳು ಎಂದು ತಾಯಿ ಫೋನನ್ನು ಗಂಡನ ಕೈಗೆ ಕೊಟ್ಟಳು. ಮೇಷ್ಟ್ರು ಕೇಳಿಸಿಕೊಂಡು, ಆಗಲಿ ಎಂದರು.

ಫೋನ್ ಕೆಳಗಿಟ್ಟರು. ಆಮೇಲೆ ಅವಳ ಕಡೆ ನೋಡದೆಯೇ ಕೇಳಿದರು.

"ನೀನು ಯಾರು ಅಂತ ನನಗೆ ಮರೆತುಹೋದ ದಿನ ಏನು ಮಾಡ್ತೀಯ? ಅದನ್ನೂ ಮುಚ್ಚಿಡ್ತೀಯಾ?"

ಕೊಡಬೇಕಾದ ಉತ್ತರ ಅವಳಿಗೆ ಗೊತ್ತಿತ್ತು, ಆದರೆ ಸುಳ್ಳು ಹೇಳಿ ಹೇಳಿ ನಾಲಿಗೆಗೆ ನಿಜ ಹೇಳುವ ಅಭ್ಯಾಸ ತಪ್ಪಿಹೋಗಿತ್ತು.

"ಇಲ್ಲ," ಎಂದಳು. "ಹೇಳ್ತೀನಿ. ದಿನಾ ಹೇಳ್ತೀನಿ."

"ನಾನು ಅತ್ತರೆ?"

"ಅತ್ತರೂ ಹೇಳ್ತೀನಿ."

ಮೇಷ್ಟ್ರು ಅಲ್ಲೇ, ಅಂಗಳದ ನಡುವೆ, ಬೀದಿಯವರಿಗೆಲ್ಲ ಕಾಣುವ ಹಾಗೆ ಅತ್ತರು. ಗಂಡನ ಕಣ್ಣಲ್ಲಿ ನೀರು ಕಂಡರೆ ಕಂಡೂ ಕಾಣದ ಹಾಗೆ ಎದ್ದು ಒಲೆಯ ಮುಂದೆ ಹೋಗಿ ನಿಲ್ಲುವುದು ಅವಳು ಇಷ್ಟು ವರ್ಷ ನಡೆಸಿಕೊಂಡು ಬಂದ ಮರ್ಯಾದೆ. ಅವತ್ತು ಅವಳು ಏಳಲಿಲ್ಲ. ಪಕ್ಕದಲ್ಲೇ ಕೂತು, ಅವರು ಅಳುವುದನ್ನು ಮುಗಿಯುವವರೆಗೂ ನೋಡಿದಳು.